ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನೇಚರ್ ಜರ್ನಲಿಂಗ್ ಶಿಬಿರ: ಹೋಗಿ ಬಂದವರು ಹೇಳಿ, ಹೋಗುವವರು ಕೇಳಿ

ಹುಲ್ಲುಗರಿ

ಇಂಗ್ಲೆಂಡಿನ ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ನಾನು ಹೋಗಿ ಬಂದ ನೇಚರ್ ಜರ್ನಲಿಂಗ್ ಶಿಬಿರದ ಬಗ್ಗೆ ವಿವರವಾಗಿ ಬರೆಯಿರಿ ಅಂತ ಇಲ್ಲಿ ಕೆಲವರು ಕೇಳಿದ್ದರು. ನೇಚರ್ ಜರ್ನಲಿಂಗ್ ಅಂದರೆ ಹೊರಗೆ ಕೂತು, ಕಂಡದ್ದನ್ನು ಪುಸ್ತಕದಲ್ಲಿ ಬರೆದು, ಬಿಡಿಸಿ ಇಡುವುದು. ಮೊದಲೇ ಹೇಳಿಬಿಡುತ್ತೇನೆ, ನಾನು ಕಲಾವಿದೆ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಮಗ ಲೀಡ್ಸ್‌ನಲ್ಲಿದ್ದಾನೆ. ಬೇಸಿಗೆಯಲ್ಲಿ ಅವನ ಮನೆಗೆ ಹೋದಾಗ ಹಗಲೆಲ್ಲ ಒಬ್ಬಳೇ ಕೂತಿರುತ್ತೀಯ ಅಂತ ಅವನೇ ಈ ಶಿಬಿರಕ್ಕೆ ಹೆಸರು ಕೊಟ್ಟ.

ನಡೆದದ್ದು ಬಾರೋಡೇಲ್ ಕಣಿವೆಯಲ್ಲಿ. ಕೆಸ್ವಿಕ್ ಪಟ್ಟಣದ ದಕ್ಷಿಣಕ್ಕೆ ಡರ್ವೆಂಟ್‌ವಾಟರ್ ಸರೋವರ ಇದೆ. ಅದನ್ನು ದಾಟಿ ಒಳಗೆ ಹೋದರೆ ಎರಡೂ ಕಡೆ ಬೆಟ್ಟ, ನಡುವೆ ಸಣ್ಣ ನದಿ, ಕಲ್ಲಿನ ಗೋಡೆಗಳು, ಕುರಿಗಳು. ಕುರಿಗಳು ಅಂದರೆ ಎಲ್ಲಿ ನೋಡಿದರೂ ಕುರಿಗಳೇ.

ಚಿತ್ರಕಲೆಯ ಶಿಬಿರ ಅಂದುಕೊಂಡು ಬಂದವರಿಗೆ ಮೊದಲ ದಿನ ಸ್ವಲ್ಪ ನಿರಾಸೆ ಆಗುತ್ತದೆ. ಪುಟ ತೆರೆದ ಕೂಡಲೇ ಬರೆಯಬೇಕಾದದ್ದು ಚಿತ್ರವಲ್ಲ. ಮೂಲೆಯಲ್ಲಿ ತಾರೀಖು, ಗಂಟೆ, ಜಾಗ, ಚಳಿ ಎಷ್ಟು, ಗಾಳಿ ಎಷ್ಟು, ಮೋಡ ಎಷ್ಟು. ಮೋಡಕ್ಕೆ ಅವರ ಲೆಕ್ಕ ಎಂಟರಲ್ಲಿ. ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡ ಮುಚ್ಚಿದೆ ಅಂತ ಬರೆಯುವುದು. ಅಲ್ಲಿ ಮುಕ್ಕಾಲು ಪಾಲು ದಿನ ಎಂಟಕ್ಕೆ ಎಂಟೇ! ಗಾಳಿಗೆ ಬೋಫರ್ಟ್ ಅನ್ನುವ ನೌಕಾದಳದ ಅಧಿಕಾರಿ 1805ರಲ್ಲಿ ಮಾಡಿದ ಅಳತೆಯನ್ನೇ ಈಗಲೂ ಬಳಸುತ್ತಾರೆ. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಅಂದರೆ ಎರಡು. ಎಲೆಯ ಜೊತೆ ಸಣ್ಣ ಕಡ್ಡಿಗಳೂ ಬಿಡದೆ ಆಡುತ್ತಿದ್ದರೆ ಮೂರು. ಯಂತ್ರ ಬೇಕಿಲ್ಲ, ಮರ ನೋಡಿದರೆ ಸಾಕು.

ಆಮೇಲೆ ಕೈ ಸಡಿಲ ಮಾಡುವ ಅಭ್ಯಾಸ. ಕಾಗದ ನೋಡದೆ, ವಸ್ತುವನ್ನು ಮಾತ್ರ ನೋಡುತ್ತಾ, ಪೆನ್ಸಿಲ್ ಎತ್ತದೆ ಅಂಚನ್ನು ಬಿಡಿಸುವುದು. ಎಲ್ಲರದ್ದೂ ವಿಕಾರವಾಗಿಯೇ ಬರುತ್ತದೆ. ಬರಲಿ ಅಂತಲೇ ಮಾಡಿಸುವುದು. ಎಲ್ಲರೂ ಒಮ್ಮೆ ನಕ್ಕ ಮೇಲೆ ಪಕ್ಕದವರ ಪುಟಕ್ಕೆ ಹೋಲಿಸಿಕೊಳ್ಳುವ ಚಾಳಿ ಬಿಟ್ಟುಹೋಗುತ್ತದೆ.

ನಿಜವಾದ ಕೆಲಸ ಶುರುವಾಗುವುದು ಹೊಳೆ ಹತ್ತಿರ. ಒಂದೇ ಜಾಗದಲ್ಲಿ ಕೂರಬೇಕು, ಎದ್ದು ಓಡಾಡುವಂತಿಲ್ಲ. ಪುಟದಲ್ಲಿ ಮೂರು ವಿಷಯ ಇರಬೇಕು: ಏನು ಕಂಡಿತು, ಏನು ಪ್ರಶ್ನೆ ಬಂತು, ಇದು ಏನನ್ನು ನೆನಪಿಸಿತು. ಕ್ಯಾಲಿಫೋರ್ನಿಯಾದ ಜಾನ್ ಮ್ಯೂರ್ ಲಾಸ್ ಅವರು ಹೇಳಿಕೊಡುವ ಕ್ರಮ ಇದು. ಈಗ ಬೇರೆ ದೇಶಗಳ ಜರ್ನಲಿಂಗ್ ಗುಂಪುಗಳೂ ಇದನ್ನು ಹಿಡಿದಿವೆ.

ನನಗೆ ಸಿಕ್ಕಿದ್ದು ಡಿಪ್ಪರ್ ಅನ್ನುವ ಹಕ್ಕಿ. ಗುಂಡಗಿದೆ, ಕಂದು ಬಣ್ಣ, ಎದೆ ಮಾತ್ರ ಅಚ್ಚ ಬಿಳಿ. ಕಲ್ಲಿನ ಮೇಲೆ ನಿಂತು ಬಸ್ಕಿ ಹೊಡೆದ ಹಾಗೆ ಕುಗ್ಗಿ ಏಳುತ್ತದೆ. ಇದ್ದಕ್ಕಿದ್ದಂತೆ ನೀರಿನೊಳಗೆ ನಡೆದುಕೊಂಡೇ ಹೋಗಿ, ತಳದ ಹುಳ ಹಿಡಿದು, ಬೇರೆ ಕಡೆ ಮೇಲೆ ಬರುತ್ತದೆ. ಬಿಡಿಸಲು ಪುರುಸೊತ್ತೇ ಕೊಡಲಿಲ್ಲ. ಹಾಗಾಗಿ ಎಷ್ಟು ಸಲ ಕುಗ್ಗಿತು, ಎಷ್ಟು ಹೊತ್ತು ಮುಳುಗಿತ್ತು, ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಹೋಯಿತು ಅಂತ ಬಾಣದ ಗುರುತು ಹಾಕುತ್ತಾ ಹೋದೆ. ಪುಟ ನೋಡಿದರೆ ಬಸ್ ರೂಟ್ ಮ್ಯಾಪ್ ಅನ್ನಬೇಕು. ಹೇಳಿಕೊಡುವವರು ಅದನ್ನೇ ಎತ್ತಿ ಎಲ್ಲರಿಗೂ ತೋರಿಸಿದರು. ಪಕ್ಕದ ಕಲ್ಲಿನಲ್ಲಿ ಹಳದಿ ಹೊಟ್ಟೆಯ ಗ್ರೇ ವ್ಯಾಗ್‌ಟೇಲ್ ಬಾಲ ಕುಣಿಸುತ್ತಿತ್ತು. ಚಳಿಗಾಲದಲ್ಲಿ ನಮ್ಮ ಮಲೆನಾಡಿನ ಹಳ್ಳಗಳಿಗೆ ಬರುತ್ತದಲ್ಲ, ಆ ಕುಂಡೆಕುಸ್ಕವೇ. ನೆಂಟರು ಸಿಕ್ಕಷ್ಟು ಖುಷಿ ಆಯಿತು.

ಹಿಡಿಸದ್ದನ್ನೂ ಹೇಳಬೇಕಲ್ಲ. ಜಲವರ್ಣ ಹೇಳಿಕೊಟ್ಟ ಭಾಗ ತೀರಾ ಸಾಧಾರಣ. ಯೂಟ್ಯೂಬ್‌ನಲ್ಲಿ ಸಿಗುವಷ್ಟೇ. ಬಣ್ಣ ಹಚ್ಚುವುದನ್ನು ಕಲಿಯಲು ಅಷ್ಟು ದೂರ ಹೋಗಬೇಡಿ.

ಚೌಕಾಸಿ

ಮೇಡಂ, ಬರಹ ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ. ವಿಮಾನ, ವೀಸಾ, ಶಿಬಿರದ ಫೀಸು ಎಲ್ಲ ಸೇರಿದರೆ ಎಷ್ಟಾಯಿತು? ಆಗುಂಬೆ, ಕುದುರೆಮುಖ, ಕೊಡಗು ಎಲ್ಲ ಇಟ್ಟುಕೊಂಡು ಇಂಗ್ಲೆಂಡಿನ ಹಳ್ಳದ ದಂಡೆಗೆ ಹೋಗಿ ಮೋಡ ಎಣಿಸಬೇಕಾ? ತಾರೀಖು, ಗಾಳಿ, ಮೋಡ ಬರೆಯಲು ನಮ್ಮೂರ ಕೆರೆ ಏರಿ ಸಾಲದಾ? ಸುಮ್ನೆ ಕೇಳಿದೆ, ಬೇಜಾರು ಮಾಡ್ಕೋಬೇಡಿ.

ಹುಲ್ಲುಗರಿ

ಬೇಜಾರು ಯಾಕೆ? ಮಗನ ಮನೆ ಅಲ್ಲಿರದಿದ್ದರೆ ನಾನೂ ಹೋಗುತ್ತಿರಲಿಲ್ಲ. ಊಟ, ವಸತಿ ಸೇರಿದ ಇಂಥ ಶಿಬಿರಕ್ಕೆ ಕೆಲವು ನೂರು ಪೌಂಡ್ ಆಗುತ್ತದೆ. ಬರೀ ಇದಕ್ಕಾಗಿಯೇ ಬೆಂಗಳೂರಿನಿಂದ ಹೊರಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಗೂ ಹೋಗುವವರು, ಅಲ್ಲೇ ಇರುವವರು ಬಿಡಬೇಡಿ ಅಂತ ಹೇಳುತ್ತೇನೆ.

ಆದರೆ ಅಲ್ಲಿ ಹೋಗಿದ್ದಕ್ಕೆ ಒಂದು ವಿಷಯ ಗೊತ್ತಾಯಿತು. ಮಾಮೂಲಿ ಜನ ಬರೆದಿಟ್ಟ ಪುಸ್ತಕಗಳಿಗೆ ಅಲ್ಲಿ ಎಷ್ಟು ಬೆಲೆ ಇದೆ ಅನ್ನುವುದು. ನಾರ್ಫಕ್ ಪ್ರಾಂತ್ಯದಲ್ಲಿ ರಾಬರ್ಟ್ ಮಾರ್ಷಮ್ ಅನ್ನುವ ಜಮೀನುದಾರರಿದ್ದರು. 1736ರಲ್ಲಿ ಅವರು ವಸಂತದ ಗುರುತುಗಳನ್ನು ಬರೆದಿಡಲು ಶುರುಮಾಡಿದರು. ಓಕ್ ಮರ ಯಾವತ್ತು ಚಿಗುರಿತು, ಮೊದಲ ಸ್ವಾಲೋ ಹಕ್ಕಿ ಯಾವತ್ತು ಬಂತು, ಕಪ್ಪೆ ಯಾವತ್ತು ಕೂಗಿತು, ಇಂಥವು. ಅವರು ಹೋದ ಮೇಲೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅಂತ ಅದೇ ಮನೆತನ 1958ರವರೆಗೆ ಬರೆಯುತ್ತಲೇ ಹೋಯಿತು. ಎರಡು ಶತಮಾನ ಮೀರಿದ ಲೆಕ್ಕ! ಹವಾಮಾನ ಬದಲಾದಂತೆ ಮರಗಳು ಎಷ್ಟು ಬೇಗ ಚಿಗುರುತ್ತಿವೆ ಅಂತ ನೋಡುವ ವಿಜ್ಞಾನಿಗಳು ಇವತ್ತು ಅದನ್ನು ಆಧಾರವಾಗಿ ಹಿಡಿಯುತ್ತಾರೆ. ಮಾರ್ಷಮ್ ಚಂದದ ಚಿತ್ರ ಬಿಡಿಸಿ, ತಾರೀಖು ಹಾಕದೆ ಹೋಗಿದ್ದರೆ ಅದು ಯಾರ ಕೆಲಸಕ್ಕೆ ಬರುತ್ತಿತ್ತು ಹೇಳಿ?

ಅದಕ್ಕೇ ಶಿಬಿರದಲ್ಲಿ ಮೂಲೆಯ ಆ ನಾಲ್ಕು ಸಾಲಿಗೆ ಅಷ್ಟು ಒತ್ತು ಕೊಟ್ಟದ್ದು. ಚಿತ್ರ ಕೆಟ್ಟರೂ ಪುಟ ಕೆಡುವುದಿಲ್ಲ.

ಇನ್ನು ಕೆರೆ ಏರಿ. ಸಾಲುತ್ತದೆ, ಖಂಡಿತ. ಸೀಸನ್‌ವಾಚ್ ಅಂತ ನಮ್ಮಲ್ಲೇ ಒಂದು ಯೋಜನೆ ಇದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರದ್ದು. ಮನೆ ಹತ್ತಿರದ ಮಾವೋ ಹೊಂಗೆಯೋ ಹುಣಸೆಯೋ ಒಂದು ಮರ ಆರಿಸಿಕೊಂಡು ಚಿಗುರು, ಹೂವು, ಕಾಯಿ ಎಷ್ಟಿದೆ ಅಂತ ತಪ್ಪದೆ ದಾಖಲಿಸುವುದು. ಶಾಲೆಯ ಮಕ್ಕಳೂ ಮಾಡುತ್ತಾರೆ.

ಡ್ರಾಯಿಂಗ್ ಮೇಷ್ಟ್ರು

ಬಾರೋಡೇಲ್ ಹೆಸರು ನೋಡಿದ ಕೂಡಲೇ ಬರೆಯಬೇಕು ಅನ್ನಿಸಿತು. ಪೆನ್ಸಿಲ್‌ನ ತವರೂರು ಅದು! ಕಣಿವೆಯ ಕೊನೆಗೆ ಸೀತ್‌ವೇಟ್ ಅಂತ ಪುಟ್ಟ ಊರಿದೆ. ಅದರ ಮೇಲಿನ ಗುಡ್ಡದಲ್ಲಿ 16ನೇ ಶತಮಾನದಲ್ಲಿ ಗ್ರ್ಯಾಫೈಟ್ ಸಿಕ್ಕಿತು. ಕೊಯ್ದು ಕಡ್ಡಿ ಮಾಡಬಹುದಾದಷ್ಟು ಶುದ್ಧವಾದ ಗಟ್ಟಿ. ಕುರಿಗಳಿಗೆ ಗುರುತು ಹಾಕಲು ಕುರುಬರು ಬಳಸುತ್ತಿದ್ದರು ಅಂತ ಹೇಳುತ್ತಾರೆ. ಆಮೇಲೆ ಫಿರಂಗಿ ಗುಂಡಿನ ಅಚ್ಚಿಗೆ ಸವರಲು ಬೇಕಾಯಿತು, ಬೆಲೆ ಏರಿತು, ಕಳ್ಳತನ ಶುರುವಾಯಿತು. 1752ರಲ್ಲಿ ಪಾರ್ಲಿಮೆಂಟು ಅದನ್ನು ಕದಿಯುವವರ ಮೇಲೆ ಕಾನೂನನ್ನೇ ತಂದಿತು. ಮುಂದೆ ಎರಡೂ ದೇಶಗಳ ನಡುವೆ ಯುದ್ಧ ನಡೆದಾಗ ಫ್ರಾನ್ಸಿಗೆ ಇಂಗ್ಲೆಂಡಿನ ಗ್ರ್ಯಾಫೈಟ್ ಬರುವುದು ನಿಂತುಹೋಯಿತು. ಆಗ ಕಾಂಟೆ ಅನ್ನುವವರು ಗ್ರ್ಯಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಡುವ ವಿಧಾನ ಕಂಡುಹಿಡಿದರು, 1795ರಲ್ಲಿ. ಮಣ್ಣು ಜಾಸ್ತಿ ಆದರೆ ಗಟ್ಟಿ, ಕಡಿಮೆ ಆದರೆ ಮೆತ್ತಗೆ. ನಾವು ಅಂಗಡಿಯಲ್ಲಿ ಕೇಳುವ ಎಚ್‌ಬಿ, 2ಬಿ, 4ಬಿ ಎಲ್ಲ ಬಂದದ್ದು ಅದರಿಂದಲೇ. ಕೆಸ್ವಿಕ್‌ನಲ್ಲಿ ಪೆನ್ಸಿಲ್ ಮ್ಯೂಸಿಯಂ ಇದೆ. ಎರಡನೇ ಮಹಾಯುದ್ಧದಲ್ಲಿ ಒಳಗೆ ನಕ್ಷೆ ಮತ್ತು ಪುಟಾಣಿ ದಿಕ್ಸೂಚಿ ಅಡಗಿಸಿಟ್ಟ ಪೆನ್ಸಿಲ್‌ಗಳನ್ನು ಮಾಡಿದ್ದರು. ಅದರ ಕಥೆ ಅಲ್ಲಿ ಸಿಗುತ್ತದೆ.

ಸಾಮಾನಿನ ಬಗ್ಗೆ ಎರಡು ಮಾತು. ಹೊಸಬರು ಅಂಗಡಿಯನ್ನೇ ಹೊತ್ತುಕೊಂಡು ಹೋಗುತ್ತಾರೆ. ಬೇಡ. ಒಂದು 2ಬಿ ಪೆನ್ಸಿಲ್, ಒಂದು ಬಾಲ್‌ಪೆನ್, ಪುಟ್ಟ ಡಬ್ಬಿಯಲ್ಲಿ ಒಣ ಜಲವರ್ಣದ ಬಿಲ್ಲೆಗಳು, ಹಿಡಿಯಲ್ಲೇ ನೀರು ತುಂಬುವ ಬ್ರಷ್, ಒರೆಸಲು ಹಳೇ ಕಾಲುಚೀಲ. ಕಾಗದ ಮಾತ್ರ ದಪ್ಪಗಿರಲಿ. 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಆದರೆ ನೀರಿಗೆ ಸುಕ್ಕಾಗುವುದು ಕಡಿಮೆ. ಟ್ಯೂಬ್ ಬಣ್ಣ ವಿಮಾನದಲ್ಲಿ ದ್ರವದ ಲೆಕ್ಕಕ್ಕೆ ಬರುತ್ತದೆ, ಬಿಲ್ಲೆಗೆ ಆ ತಕರಾರಿಲ್ಲ. ಪೆನ್ಸಿಲ್ ಕೆತ್ತುವ ಬ್ಲೇಡ್ ಚೆಕ್-ಇನ್ ಬ್ಯಾಗಿಗೆ ಹಾಕಿ.

ಹಸಿರು ಬಣ್ಣಕ್ಕೆ ಮೋಸ ಹೋಗಬೇಡಿ. ಡಬ್ಬಿಯಲ್ಲಿ ಇರುವ ಹಸಿರನ್ನು ಹಾಗೇ ಹಚ್ಚಿದರೆ ಯಾವ ದೇಶದ ಗುಡ್ಡವಾದರೂ ಪ್ಲಾಸ್ಟಿಕ್ ಕಾಣುತ್ತದೆ. ನೀಲಿ, ಹಳದಿ ಬೆರೆಸಿ, ಚೂರು ಕೆಂಗಂದು ಸೇರಿಸಿ ನೋಡಿ.

ಮ್ಯಾಂಚೆಸ್ಟರ್ ಮಳೆ

ಇಲ್ಲಿ ಇರುವವನಾಗಿ ಒಂದಷ್ಟು ಸೇರಿಸುತ್ತೇನೆ. ಮೇಷ್ಟ್ರೇ, ನೀವು ಹೇಳಿದ ಸೀತ್‌ವೇಟ್ ಇಂಗ್ಲೆಂಡಿನಲ್ಲಿ ಜನ ವಾಸ ಇರುವ ಜಾಗಗಳಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು. ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಆಗುಂಬೆಯವರು ನಗಬಹುದು, ಅಲ್ಲಿ ಇದರ ಎರಡರಷ್ಟು. ಆದರೆ ಆಗುಂಬೆಯದ್ದು ಮಳೆಗಾಲದ ಮಳೆ. ಇಲ್ಲಿ ಮಳೆಗೆ ಕಾಲ ಅಂತ ಇಲ್ಲ, ಜುಲೈ ಆದರೂ ಸುರಿಯುತ್ತದೆ, ಜನವರಿ ಆದರೂ ಸುರಿಯುತ್ತದೆ. ಛತ್ರಿ ತರಬೇಡಿ, ಗಾಳಿಗೆ ಉಳಿಯುವುದಿಲ್ಲ. ಟೋಪಿ ಇರುವ ರೇನ್‌ಕೋಟ್, ಮಳೆ ಪ್ಯಾಂಟ್, ಕೂರಲು ಫೋಮ್ ಚೂರು. ಪುಸ್ತಕಕ್ಕೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ.

ತೇವ ಇರುವ ದಿನ ಜಲವರ್ಣ ಒಣಗುವುದೇ ಇಲ್ಲ. ಪುಟ ಮಡಚಿದರೆ ಎದುರು ಪುಟಕ್ಕೆ ಅಂಟುತ್ತದೆ. ಅಂಥ ದಿನ ಪೆನ್ಸಿಲ್ ಅಥವಾ ಬಾಲ್‌ಪೆನ್ನೇ ಸರಿ. ಬಣ್ಣದ ಹೆಸರನ್ನು ಪಕ್ಕದಲ್ಲಿ ಬರೆದಿಟ್ಟು ಸಂಜೆ ಒಳಗೆ ಕೂತು ಹಚ್ಚಿ.

ಬರುವ ದಾರಿ: ಲಂಡನ್ ಯೂಸ್ಟನ್‌ನಿಂದ ಪೆನ್ರಿತ್‌ಗೆ ರೈಲು, ಮೂರು ಗಂಟೆ ಚಿಲ್ಲರೆ. ಪೆನ್ರಿತ್‌ನಿಂದ ಕೆಸ್ವಿಕ್‌ಗೆ ಎಕ್ಸ್4 ಅಥವಾ ಎಕ್ಸ್5 ಬಸ್ಸು. ಕೆಸ್ವಿಕ್‌ನಿಂದ ಬಾರೋಡೇಲ್ ಒಳಗೆ 78ನೇ ನಂಬರ್ ಬಸ್ಸು, ಸೀಟಾಲರ್‌ವರೆಗೆ ಹೋಗುತ್ತದೆ. ರೈಲು ಟಿಕೆಟ್ ವಾರಗಳ ಮೊದಲೇ ತೆಗೆದುಕೊಂಡರೆ ಬಹಳ ಅಗ್ಗ. ಅವತ್ತೇ ಕೌಂಟರಿನಲ್ಲಿ ತೆಗೆದುಕೊಂಡರೆ ಎದೆ ಧಸಕ್ ಅನ್ನುತ್ತದೆ.

ಕಾಲುದಾರಿ ಇಲ್ಲಿನ ದೊಡ್ಡ ಸೌಲಭ್ಯ. ರೈತರ ಹೊಲದ ನಡುವೆಯೇ ಸಾರ್ವಜನಿಕ ಹಾದಿ ಇರುತ್ತದೆ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ 1:25,000 ಅಳತೆಯ ನಕ್ಷೆಯಲ್ಲಿ ಹಸಿರು ಗೆರೆ ತುಂಡು ತುಂಡಾಗಿ ಇದ್ದರೆ ನಡೆಯುವ ಹಕ್ಕು ನಿಮ್ಮದು. ಯಾರನ್ನೂ ಕೇಳಬೇಕಿಲ್ಲ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು, ಅಷ್ಟೇ. ಕುರಿ ಮರಿ ಹಾಕುವ ಕಾಲದಲ್ಲಿ ದೂರ ಇರಿ.

ಉಣ್ಣಿಯ ಬಗ್ಗೆ ಯಾರೂ ಹೇಳುವುದಿಲ್ಲ. ಬ್ರ್ಯಾಕನ್ ಅನ್ನುವ ಜರಿಗಿಡದ ಪೊದೆಯಲ್ಲಿ ಕೂತು ಸ್ಕೆಚ್ ಮಾಡುವವರಿಗೆ ಅದು ಹತ್ತುತ್ತದೆ. ಲೈಮ್ ಕಾಯಿಲೆ ಬರಬಹುದು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಸಂಜೆ ಮೈ ನೋಡಿಕೊಳ್ಳಿ. ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಆಮೇಲೆ ಸುತ್ತ ಕೆಂಪು ಹರಡಿದರೆ ಡಾಕ್ಟರ್ ಹತ್ತಿರ ಹೋಗಿ.

ಅಮ್ಮನ ಬ್ಯಾಗು

ನಮ್ಮ ಯಜಮಾನರಿಗೆ ಮತ್ತು ನನಗೆ ಮುಂದಿನ ವರ್ಷ ಮಗಳ ಮನೆಗೆ ಹೋಗುವುದಿದೆ, ಬರ್ಮಿಂಗ್‌ಹ್ಯಾಮ್. ಮೂರು ಅನುಮಾನ. ಒಂದು, ಶಿಬಿರಕ್ಕೆ ಬೇರೆ ವೀಸಾ ಬೇಕಾ? ಎರಡು, ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ, ಊಟದ ಗತಿ ಏನು? ಮೂರು, ಮಂಡಿ ನೋವು ಇದೆ, ಬೆಟ್ಟ ಹತ್ತಲೇಬೇಕಾ?

ಹುಲ್ಲುಗರಿ

ಬೆಟ್ಟ ಹತ್ತಬೇಕಾಗಿಲ್ಲ. ನಾವು ಹೆಚ್ಚು ಹೊತ್ತು ಕೂತೇ ಇದ್ದೆವು. ಹೊಳೆ ದಂಡೆ, ಚರ್ಚಿನ ಅಂಗಳ, ಕಲ್ಲಿನ ಗೋಡೆಯ ಪಕ್ಕ. ನೆಲದ ಮೇಲೆ ಕೂರುವುದು ಕಷ್ಟ ಆದರೆ ಮಡಚುವ ಸ್ಟೂಲ್ ಕೇಳಿ, ಇಟ್ಟಿರುತ್ತಾರೆ. ಆದರೆ ಸ್ಟೈಲ್ ಅಂತ ಗೋಡೆ ದಾಟಲು ಕಲ್ಲಿನ ಮೆಟ್ಟಿಲು ಮಾಡಿರುತ್ತಾರಲ್ಲ, ಅದು ಮಂಡಿಗೆ ಹಿಂಸೆ. ಹಾದಿಯಲ್ಲಿ ಎಷ್ಟು ಸ್ಟೈಲ್ ಇದೆ ಅಂತ ಹೆಸರು ಕೊಡುವಾಗಲೇ ಕೇಳಿಬಿಡಿ.

ಊಟದ ಬಗ್ಗೆ ಮೊದಲೇ ಬರೆದು ತಿಳಿಸಿ. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿರುತ್ತದೆ. "ಮೊಟ್ಟೆ ಬೇಡ, ಹಾಲು ಮೊಸರು ಆಗುತ್ತದೆ" ಅಂತ ಬಿಡಿಸಿ ಬರೆಯಬೇಕು. ಆಲೂಗೆಡ್ಡೆ, ಬೀನ್ಸ್, ಸೂಪ್, ಬ್ರೆಡ್ಡು. ಹೊಟ್ಟೆ ತುಂಬುತ್ತದೆ, ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಚಟ್ನಿಪುಡಿ ಒಯ್ಯಿರಿ. ತುಪ್ಪ, ಹಾಲಿನ ಸಿಹಿ ತಿಂಡಿ ಒಯ್ಯಬೇಡಿ. ಭಾರತದಿಂದ ಬ್ರಿಟನ್‌ಗೆ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪದ ಮೈಸೂರು ಪಾಕ್ ಮಗಳಿಗೆ ಇಷ್ಟ ಅಂತ ಕಟ್ಟಿಕೊಂಡು ಹೋಗಿ ಏರ್‌ಪೋರ್ಟ್‌ನಲ್ಲಿ ಬಿಟ್ಟು ಬರಬೇಡಿ.

ಮ್ಯಾಂಚೆಸ್ಟರ್ ಮಳೆ

ವೀಸಾ ವಿಷಯ: ಮಕ್ಕಳನ್ನು ನೋಡಲು ತೆಗೆದುಕೊಳ್ಳುವ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು. ಹವ್ಯಾಸಕ್ಕೆ ಕಲಿಯುವ ಕೋರ್ಸು 30 ದಿನದ ಒಳಗಿದ್ದರೆ ಅದರಲ್ಲೇ ಮಾಡಬಹುದು. ಯುರೋಪಿನ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ, ಇಲ್ಲಿನದು ಅಲ್ಲಿ ನಡೆಯುವುದಿಲ್ಲ. ಫೀಸು ಆಗಾಗ ಬದಲಾಗುತ್ತದೆ. ಸರ್ಕಾರದ ವೆಬ್‌ಸೈಟ್‌ನಲ್ಲಿ ನೋಡಿ, ಏಜೆಂಟರ ಮಾತು ನಂಬಬೇಡಿ.

ಹೊರಗೆ ಹೋಗಿ ನೋಡಿ ಕಲಿಯುವ ಕೋರ್ಸುಗಳನ್ನು ಇಲ್ಲಿ ಬಹಳ ಹಿಂದಿನಿಂದ ನಡೆಸುತ್ತಿರುವವರು ಫೀಲ್ಡ್ ಸ್ಟಡೀಸ್ ಕೌನ್ಸಿಲ್. 1943ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ ಶುರುವಾದದ್ದು. ಅವರ ಮೊದಲ ಕೇಂದ್ರ ಸಫಕ್‌ನ ಫ್ಲಾಟ್‌ಫರ್ಡ್ ಮಿಲ್, 1946ರಲ್ಲಿ ತೆರೆಯಿತು. ಚಿತ್ರಕಾರ ಕಾನ್‌ಸ್ಟೇಬಲ್ ಅವರ ತಂದೆಯದ್ದಾಗಿದ್ದ ಗಿರಣಿ ಅದು. ಬರ್ಮಿಂಗ್‌ಹ್ಯಾಮ್‌ನವರು ಲೇಕ್ ಡಿಸ್ಟ್ರಿಕ್ಟ್‌ಗೇ ಬರಬೇಕು ಅಂತಿಲ್ಲ, ಹತ್ತಿರದ ಶ್ರಾಪ್‌ಶೈರ್ ಕಡೆಯೂ ಹುಡುಕಿ.

ಕಲ್ಲುಹೂ

ಹುಲ್ಲುಗರಿ ಅವರೇ, ಕಲ್ಲಿನ ಗೋಡೆ ಅಂದಿರಿ, ಅದರ ಮೇಲೆ ಏನು ಬೆಳೆದಿತ್ತು ಅಂತ ಬರೆಯಲಿಲ್ಲ! ನಾನು ಸಸ್ಯಶಾಸ್ತ್ರ ಓದಿದವಳು, ಅಲ್ಲಿ ಒಂದಷ್ಟು ಕಾಲ ಇದ್ದೆ. ಆ ಗೋಡೆಗಳಿಗೆ ಗಾರೆ ಇಲ್ಲ. ಎರಡು ಸಾಲು ಕಲ್ಲು ಕಟ್ಟಿ, ನಡುವೆ ಚೂರು ಕಲ್ಲು ತುಂಬಿ, ಅಲ್ಲಲ್ಲಿ ಎರಡೂ ಸಾಲು ಹಿಡಿಯುವ ಉದ್ದ ಕಲ್ಲು ಇಡುತ್ತಾರೆ. ಮಳೆನೀರು ಸಂದಿಯಲ್ಲಿ ಇಳಿದು ಹೋಗುತ್ತದೆ, ಗೋಡೆ ನಿಲ್ಲುತ್ತದೆ. ಒಂದು ಮೊಳ ಉದ್ದದ ಜಾಗ ಆರಿಸಿಕೊಂಡು ಬಿಡಿಸಲು ಕೂತರೆ ಮಧ್ಯಾಹ್ನ ಕಳೆದುಹೋಗುತ್ತದೆ. ಹಾವಸೆ, ಜರಿ, ಲೈಕೆನ್. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವೂ ಲೈಕೆನ್ನೇ ಅಲ್ವಾ? ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಮ್ಯಾಪ್ ಲೈಕೆನ್ ಅಂತ ಒಂದಿದೆ, ಹಳದಿ ಹಸಿರಿನ ತೇಪೆಗಳ ನಡುವೆ ಕಪ್ಪು ಗಡಿ. ಭೂಪಟವನ್ನು ನೋಡಿ ಬಿಡಿಸಬೇಕಾಗಿಯೇ ಇಲ್ಲ, ಕಲ್ಲೇ ಬಿಡಿಸಿಟ್ಟಿರುತ್ತದೆ.

ಬಾರೋಡೇಲ್ ಕಾಡಿನಲ್ಲಿ ಓಕ್ ಕೊಂಬೆಗಳ ಮೇಲೆ ಶ್ವಾಸಕೋಶದ ಆಕಾರದ ದೊಡ್ಡ ಲೈಕೆನ್ ಬೆಳೆಯುತ್ತದೆ. ಗಾಳಿ ಶುದ್ಧ ಇದ್ದರೆ ಮಾತ್ರ ಬದುಕುವಂಥದ್ದು. ಇಂಗ್ಲೆಂಡಿನಲ್ಲಿ ಉಳಿದಿರುವ ಸಮಶೀತೋಷ್ಣ ಮಳೆಕಾಡಿನ ಮುಖ್ಯ ತುಂಡು ಇದು.

ಇನ್ನೊಂದು ಮಾತು. ಆ ಸೀಮೆಗೆ ಹೋದವರು ಆಂಬಲ್‌ಸೈಡ್ ಊರಿನ ಆರ್ಮಿಟ್ ಮ್ಯೂಸಿಯಂ ಬಿಡಬೇಡಿ. ಮೊಲದ ಕಥೆಗಳಿಂದ ಹೆಸರಾದ ಬೀಟ್ರಿಕ್ಸ್ ಪಾಟರ್ ಬಿಡಿಸಿದ ನೂರಾರು ಅಣಬೆ ಚಿತ್ರಗಳು ಅಲ್ಲಿವೆ. ಆಕೆ ಬರೀ ಚಂದಕ್ಕೆ ಬಿಡಿಸಲಿಲ್ಲ. ಅಣಬೆಯನ್ನು ಸೀಳಿ ಒಳಗಿನ ಪದರ ತೋರಿಸಿದಳು, ಸೂಕ್ಷ್ಮದರ್ಶಕದಲ್ಲಿ ಬೀಜಕಣ ನೋಡಿ ಬಿಡಿಸಿದಳು, ಅವನ್ನು ಮೊಳೆಯಿಸಿದಳು. 1897ರಲ್ಲಿ ಅದರ ಮೇಲೆ ಬರೆದ ಪ್ರಬಂಧ ಲಂಡನ್ನಿನ ಲಿನ್ನಿಯನ್ ಸೊಸೈಟಿ ಅನ್ನುವ ಜೀವವಿಜ್ಞಾನಿಗಳ ಸಂಘದ ಮುಂದೆ ಬಂತು. ಹೆಂಗಸರಿಗೆ ಆ ಸಭೆಯೊಳಗೆ ಪ್ರವೇಶವೇ ಇರಲಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜಾರ್ಜ್ ಮ್ಯಾಸೀ ಆಕೆಯ ಪರವಾಗಿ ಮಂಡಿಸಿದರು. ಆಮೇಲೆ ಪ್ರಬಂಧ ವಾಪಸ್ ಪಡೆದಳು, ಅದು ಇವತ್ತು ಸಿಗುವುದಿಲ್ಲ. ಚಿತ್ರಗಳು ಉಳಿದವು. 1967ರಲ್ಲಿ, ಆಕೆ ತೀರಿಕೊಂಡು ಇಪ್ಪತ್ತು ವರ್ಷ ದಾಟಿದ ಮೇಲೆ, ಅಣಬೆ ಗುರುತಿಸುವ ಒಂದು ಕೈಪಿಡಿಗೆ ಅವುಗಳಲ್ಲಿ ಕೆಲವನ್ನು ಬಳಸಿದರು. ಅಷ್ಟು ಕರಾರುವಾಕ್ಕು.

ಕೊನೆಯದಾಗಿ ಒಂದು ತಕರಾರು. ಶಿಬಿರಗಳಲ್ಲಿ ಆ ಬೋಳು ಗುಡ್ಡಗಳನ್ನು "ಪ್ರಕೃತಿ" ಅಂತ ತೋರಿಸುತ್ತಾರೆ. ಅವು ಬೋಳಾಗಿದ್ದು ಮನುಷ್ಯರಿಂದ, ಬೋಳಾಗಿಯೇ ಉಳಿದಿದ್ದು ಕುರಿಗಳಿಂದ. ಮೊಳೆತ ಗಿಡ ಮೇಲೇಳುವ ಮೊದಲೇ ಕುರಿ ತಿಂದುಬಿಡುತ್ತದೆ. 2017ರಲ್ಲಿ ಯುನೆಸ್ಕೊ ಆ ಸೀಮೆಗೆ ವಿಶ್ವ ಪರಂಪರೆಯ ಪಟ್ಟ ಕೊಟ್ಟಾಗ ಜಾರ್ಜ್ ಮಾನ್‌ಬಿಯೋ ಅವರಂಥ ಲೇಖಕರು ಬಲವಾಗಿ ವಿರೋಧಿಸಿದ್ದು ಇದಕ್ಕೇ. ಕುರುಬರ ಬದುಕು, ಹರ್ಡ್‌ವಿಕ್ ಕುರಿ ತಳಿ, ಗೋಡೆ ಕಟ್ಟುವ ಕಸುಬು ಉಳಿಯಬೇಕು ಅನ್ನುವವರದ್ದೂ ನ್ಯಾಯವಾದ ಮಾತೇ. ಹರ್ಡ್‌ವಿಕ್ ಉಳಿಸಲು ಪಾಟರ್ ಕೂಡ ದುಡಿದವಳು. 4,000 ಎಕರೆ ಜಮೀನನ್ನು ಹಳೇ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟು ಹೋದಳು. ನನ್ನ ಮನಸ್ಸು ಎರಡೂ ಕಡೆ ವಾಲುತ್ತದೆ. ಆದರೆ ಗುಡ್ಡ ಬಿಡಿಸುವಾಗ "ಇಲ್ಲಿ ಮರ ಯಾಕಿಲ್ಲ" ಅನ್ನುವ ಪ್ರಶ್ನೆ ಪುಟದಲ್ಲಿ ಇರಲೇಬೇಕು.

ಚೌಕಾಸಿ

ನೋಡಿದಿರಾ? ಅಷ್ಟು ದುಡ್ಡು ಕೊಟ್ಟು ಹೋಗಿ ಕುರಿ ಮೇಯಿಸಿದ ಗುಡ್ಡ ನೋಡಿ ಬರಬೇಕು! ಅಣಬೆಯ ಕಥೆ ಮಾತ್ರ ಸೊಗಸಾಗಿದೆ, ಒಪ್ಪಿದೆ. ಆದರೆ ಇನ್ನೊಂದು ಹೇಳಿ. ಫೋನಿನಲ್ಲಿ ಫೋಟೋ ತೆಗೆದರೆ ತಾರೀಖು, ಗಂಟೆ, ಜಾಗ ಎಲ್ಲ ಅದೇ ಬರೆದುಕೊಳ್ಳುತ್ತದೆ. ಕೂತು ಬಿಡಿಸುವ ಕಷ್ಟ ಯಾಕೆ?

ಡ್ರಾಯಿಂಗ್ ಮೇಷ್ಟ್ರು

ಈ ಜಗಳ ಅದೇ ಜಾಗದಲ್ಲಿ 250 ವರ್ಷದ ಹಿಂದೆಯೇ ನಡೆದಿದೆ ಸ್ವಾಮಿ. ಆಗ ಕ್ಯಾಮೆರಾ ಇರಲಿಲ್ಲ, ಕ್ಲಾಡ್ ಗ್ಲಾಸ್ ಇತ್ತು. ಅಂಗೈಯಷ್ಟು, ಸ್ವಲ್ಪ ಉಬ್ಬಿದ, ಕಪ್ಪು ಛಾಯೆಯ ಕನ್ನಡಿ. ಪ್ರವಾಸಿಗಳು ಸರೋವರಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಅದನ್ನು ನೋಡುತ್ತಿದ್ದರು. ಚಿತ್ರದ ಹಾಗೆ ಚೊಕ್ಕವಾಗಿ ಕಾಣಲಿ ಅಂತ. ಕವಿ ಥಾಮಸ್ ಗ್ರೇ 1769ರಲ್ಲಿ ಹೀಗೇ ಕನ್ನಡಿ ಹಿಡಿದು ಹೋಗುತ್ತಾ ಕೆಸರು ದಾರಿಯಲ್ಲಿ ಅಂಗಾತ ಬಿದ್ದರು. ಬಿದ್ದದ್ದನ್ನು ಅವರೇ ಬರೆದಿದ್ದಾರೆ. ಸೆಲ್ಫಿ ತೆಗೆಯಲು ಹೋಗಿ ಬೀಳುವವರ ಹಿರಿಯಣ್ಣ ಅಂತ ಇಟ್ಟುಕೊಳ್ಳಿ. ವಿಂಡರ್‌ಮಿಯರ್ ಸರೋವರದ ದಂಡೆಯಲ್ಲಿ ಕ್ಲೈಫ್ ಸ್ಟೇಷನ್ ಅಂತ ಒಂದು ಹಳೇ ಕಟ್ಟಡ ಇದೆ. ಕಿಟಕಿಗೆ ಬೇರೆ ಬೇರೆ ಬಣ್ಣದ ಗಾಜು ಹಾಕಿದ್ದರು. ಒಂದರಲ್ಲಿ ನೋಡಿದರೆ ಶರತ್ಕಾಲ, ಇನ್ನೊಂದರಲ್ಲಿ ಬೆಳದಿಂಗಳು. ಇವತ್ತಿನ ಫಿಲ್ಟರ್ ಇದೇ ತಾನೆ?

ಅದೇ ಸೀಮೆಯ ಕಾನಿಸ್ಟನ್ ಸರೋವರದ ಪಕ್ಕ 1871ರಲ್ಲಿ ಮನೆ ಕೊಂಡವರು ಜಾನ್ ರಸ್ಕಿನ್. 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಗಾಂಧೀಜಿ ಓದಿ ಬದುಕು ಬದಲಿಸಿಕೊಂಡ ಪುಸ್ತಕ ಬರೆದವರು. ರಸ್ಕಿನ್ ಲಂಡನ್ನಿನಲ್ಲಿ ಕೂಲಿ ಕಾರ್ಮಿಕರಿಗೆ ಚಿತ್ರ ಹೇಳಿಕೊಡುತ್ತಿದ್ದರು. ಬಡಗಿಯನ್ನು ಕಲಾವಿದ ಮಾಡಲು ಅಲ್ಲ, ಅವನ ಕಣ್ಣು ತೆರೆಸಲು. ನಾನು ಶಾಲೆಯಲ್ಲಿ ಮಕ್ಕಳಿಗೆ ದಾಸವಾಳ ಕೊಟ್ಟು ಬಿಡಿಸಿ ಅನ್ನುತ್ತಿದ್ದೆ. ಫೋಟೋ ತೆಗೆದವರನ್ನು ಎಸಳು ಎಷ್ಟು ಅಂತ ಕೇಳಿ, ಮತ್ತೆ ಫೋಟೋ ನೋಡುತ್ತಾರೆ. ಬಿಡಿಸಿದ ಮಗು ಐದು ಅನ್ನುತ್ತದೆ. ಜೊತೆಗೆ ಎಸಳುಗಳು ಒಂದರ ಮೇಲೊಂದು ಹೇಗೆ ಕೂತಿವೆ ಅಂತಲೂ ಹೇಳುತ್ತದೆ.

ಎರಡನೇ ಬೆಂಚು

ಎಲ್ಲರಿಗೂ ನಮಸ್ಕಾರ. ನಾನು ಡಬ್ಲಿನ್‌ನಲ್ಲಿ ಎಂಎಸ್ ಮಾಡುತ್ತಿದ್ದೇನೆ. ನನಗೆ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲು ಬರುವುದಿಲ್ಲ. ಬರೀ ಬರೆದರೆ ಜರ್ನಲ್ ಆಗುತ್ತದಾ? ಹೂವು, ಎಲೆ ಕಿತ್ತು ಪುಟಕ್ಕೆ ಅಂಟಿಸಿದರೆ ನಡೆಯುತ್ತದಾ?

ಹುಲ್ಲುಗರಿ

ಬರೀ ಬರೆದರೂ ಆಗುತ್ತದೆ ಮಗೂ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಡ್ಯಾಫೊಡಿಲ್ಸ್ ಪದ್ಯ ನೆನಪಿದೆಯಾ? ವರ್ಡ್ಸ್‌ವರ್ತ್ ಅದನ್ನು ಬರೆದದ್ದು 1804ರಲ್ಲಿ, ಅಚ್ಚಾದದ್ದು 1807ರಲ್ಲಿ. ಆ ಹೂಗಳನ್ನು ಅವರು ನೋಡಿದ್ದು 1802ರ ಏಪ್ರಿಲ್ 15ರಂದು, ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ, ತಂಗಿ ಡೊರೊಥಿ ಜೊತೆ. ತಾರೀಖು ಇಷ್ಟು ಖಚಿತವಾಗಿ ಗೊತ್ತಿರುವುದು ಆ ತಂಗಿ ದಿನಚರಿ ಬರೆಯುತ್ತಿದ್ದಳು ಅಂತ. ಗಾಳಿ ಹೇಗಿತ್ತು, ಹೂ ಎಲ್ಲಿಂದ ಎಲ್ಲಿಯವರೆಗೆ ಹರಡಿತ್ತು, ಕೆಲವು ಹೂಗಳು ಕಲ್ಲಿನ ಮೇಲೆ ತಲೆ ಇಟ್ಟು ಮಲಗಿದ ಹಾಗಿದ್ದವು ಅಂತೆಲ್ಲ ಇದೆ. ಪದ್ಯದಲ್ಲಿ ಅಣ್ಣ ಒಬ್ಬನೇ ಅಲೆಯುತ್ತಾನೆ, ತಂಗಿ ಮಾಯ! ಗ್ರಾಸ್‌ಮಿಯರ್‌ನಲ್ಲಿ ಅವರಿದ್ದ ಡವ್ ಕಾಟೇಜ್ ನೋಡಲು ನಮ್ಮನ್ನು ಕರೆದುಕೊಂಡು ಹೋಗಿದ್ದರು. ಒಂದು ಚಿತ್ರವೂ ಇಲ್ಲದ ಅಂಥ ಜರ್ನಲ್ ನನಗೆ ಇವತ್ತಿಗೂ ಎಲ್ಲಕ್ಕಿಂತ ಮೇಲು ಅನ್ನಿಸುತ್ತದೆ.

ಗೆರೆ ಬಾರದವರಿಗೆ ಶಿಬಿರದಲ್ಲಿ ಮಾಡಿಸಿದ ಒಂದು ಆಟ ಹೇಳುತ್ತೇನೆ. ಪುಟದ ನಡುವೆ ಒಂದು ಗುಣಾಕಾರ ಗುರುತು ಹಾಕು, ಅದು ನೀನು. ಕಣ್ಣು ಮುಚ್ಚಿ ಕೂರು. ಯಾವ ದಿಕ್ಕಿನಿಂದ ಸದ್ದು ಬರುತ್ತದೋ ಆ ದಿಕ್ಕಿನಲ್ಲಿ ಗುರುತು ಹಾಕುತ್ತಾ ಹೋಗು. ಹತ್ತಿರದ್ದು ಹತ್ತಿರ, ದೂರದ್ದು ದೂರ. ಹಕ್ಕಿಗೆ ಒಂದು ಗೀಟು, ನೀರಿಗೆ ಅಲೆ, ಟ್ರ್ಯಾಕ್ಟರಿಗೆ ಏನಾದರೂ ಹಾಕಿಕೋ. ಗೆರೆ ನೆಟ್ಟಗಿರಬೇಕಾದದ್ದೇ ಇಲ್ಲ. ಅಳತೆಗೆ ಸ್ಕೇಲ್ ಬೇಡ, ಬೆರಳು, ಗೇಣು ಸಾಕು. ನನ್ನ ಪುಸ್ತಕದಲ್ಲಿ ಫಾಕ್ಸ್‌ಗ್ಲೋವ್ ಗಿಡದ ಪಕ್ಕ "ಐದು ಗೇಣು" ಅಂತ ಇರುವುದನ್ನು ನೋಡಿ ಅಲ್ಲಿನವರು ತಮ್ಮ ಗೇಣು ಅಳೆದುಕೊಂಡರು.

ಕಲ್ಲುಹೂ

ಕಿತ್ತು ಅಂಟಿಸಬೇಡಿ ದಯವಿಟ್ಟು. ಇಂಗ್ಲೆಂಡಿನಲ್ಲಿ 1981ರ ಕಾನೂನಿನ ಪ್ರಕಾರ ಜಮೀನಿನ ಒಡೆಯರ ಒಪ್ಪಿಗೆ ಇಲ್ಲದೆ ಯಾವ ಕಾಡುಗಿಡವನ್ನೂ ಬೇರು ಸಮೇತ ಕೀಳುವಂತಿಲ್ಲ. ಐರ್ಲೆಂಡಿನ ನಿಯಮ ಅಲ್ಲಿಯವರನ್ನೇ ಕೇಳಿ. ಬೀಜ, ಗಿಡದ ತುಂಡು ಭಾರತಕ್ಕೆ ತರಲೂ ಕ್ವಾರಂಟೈನ್ ನಿಯಮಗಳಿವೆ. ಬಿದ್ದ ಎಲೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ನರಗಳೆಲ್ಲ ಮೂಡುತ್ತವೆ. ಎಲೆ ಅಲ್ಲೇ ಬಿಟ್ಟು ಬನ್ನಿ. ಫಾಕ್ಸ್‌ಗ್ಲೋವ್ ವಿಷದ ಗಿಡ, ಅದರ ಎಲೆ ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬೇಡಿ.

ಅಮ್ಮನ ಬ್ಯಾಗು

ಎಲ್ಲರಿಗೂ ಥ್ಯಾಂಕ್ಸ್. ಯಜಮಾನರು ಮೋಡ ಎಣಿಸುವುದಾದರೆ ಬರುತ್ತೇನೆ ಅಂದಿದ್ದಾರೆ, ಬಣ್ಣ ಮುಟ್ಟುವುದಿಲ್ಲವಂತೆ. ಯಾವ ತಿಂಗಳು ಒಳ್ಳೆಯದು?

ಮ್ಯಾಂಚೆಸ್ಟರ್ ಮಳೆ

ಏನು ನೋಡಬೇಕು ಅನ್ನುವುದರ ಮೇಲೆ ಹೋಗುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಕಾಡಿನ ನೆಲದ ತುಂಬ ಬ್ಲೂಬೆಲ್ ಅನ್ನುವ ನೀಲಿ ಹೂ, ಹೊಲದಲ್ಲಿ ಕುರಿಮರಿಗಳು, ಮರ ಪೂರ್ತಿ ಚಿಗುರಿರುವುದಿಲ್ಲವಾದ್ದರಿಂದ ಹಕ್ಕಿ ಚೆನ್ನಾಗಿ ಕಾಣುತ್ತವೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು, ಫಾಕ್ಸ್‌ಗ್ಲೋವ್ ಹೂ. ಜುಲೈ ಕೊನೆ, ಆಗಸ್ಟ್ ಬೇಡ. ಶಾಲೆ ರಜೆ, ಜನಜಂಗುಳಿ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಗುಡ್ಡವೆಲ್ಲ ಬ್ರ್ಯಾಕನ್ ಬೆಳೆದು ಒಂದೇ ಹಸಿರು. ಅಣಬೆ ಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್. ಮಂಡಿ ನೋವು, ಚಳಿ ಎರಡೂ ಲೆಕ್ಕ ಹಾಕಿದರೆ ನಿಮಗೆ ಮೇ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಸರಿ. ಆದರೆ ಇಲ್ಲಿನ ಶಾಲೆಗಳಿಗೆ ಮೇ ಕೊನೆಯಲ್ಲಿ ಒಂದು ವಾರ ರಜೆ ಬರುತ್ತದೆ, ಆ ವಾರ ತಪ್ಪಿಸಿ. ಮೋಡ ಯಾವ ತಿಂಗಳಾದರೂ ಸಿಗುತ್ತದೆ ಅಂತ ಯಜಮಾನರಿಗೆ ಹೇಳಿ.